ಬಸಲಿಂಗವ್ವನ ಮೂಗಿನ ಮೇಲೆ ನಲವತ್ತು ದಿನ

ನಾನು ಒಂದು ಕಪ್ಪು ಕನ್ನಡಕ. ಕಣ್ಣಿನ ಆಪರೇಶನ್ ಆದವರು ಹಾಕಿಕೊಳ್ಳುತ್ತಾರಲ್ಲ, ಪಕ್ಕಕ್ಕೂ ಮರೆ ಇರುವ ಅಗಲವಾದ ಕನ್ನಡಕ, ಅದು. ನನ್ನನ್ನು ಯಾರೂ ಅಂದಕ್ಕೆಂದು ಹಾಕಿಕೊಳ್ಳುವುದಿಲ್ಲ. ಬಿಸಿ ಪ್ಲಾಸ್ಟಿಕ್ ಅಚ್ಚಿಗೆ ಬಿದ್ದು ತಣ್ಣಗಾಗುವಷ್ಟರಲ್ಲಿ ಹುಟ್ಟಿಬಿಟ್ಟಿದ್ದೆ. ನನ್ನಂಥವರೇ ನೂರಾರು ಮಂದಿ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಒತ್ತಿಕೊಂಡು ಬಾಗಲಕೋಟೆಯ ಒಂದು ಕಣ್ಣಿನ ಆಸ್ಪತ್ರೆಗೆ ಬಂದೆವು.

ಅಲ್ಲಿಂದ ನನ್ನನ್ನು ಗುಳೇದಗುಡ್ಡಕ್ಕೆ ತಂದವನು ನಿವೃತ್ತ ಕಂಡಕ್ಟರ್ ಮುದಕಪ್ಪ. ಡಾಕ್ಟರು ಹೇಳಿದ ದಿನಗಳು ಮುಗಿದ ಮೇಲೂ ಆತ ನನ್ನನ್ನು ಬಿಡಲಿಲ್ಲ. ಮದುವೆಗೂ ನಾನೇ, ಮಣ್ಣಿಗೂ ನಾನೇ. ತಾನು ಯಾರನ್ನು ನೋಡುತ್ತಿದ್ದೇನೆಂದು ಯಾರಿಗೂ ತಿಳಿಯದಿರುವುದು ಅವನಿಗೆ ಬಹಳ ಹಿಡಿಸಿತ್ತು. ಅವನಿಂದ ಪಕ್ಕದ ಮನೆಯ ನೀಲಗಂಗಾ ಟೀಚರಿಗೆ ಹೋದೆ. ನನ್ನ ಸಡಿಲವಾದ ಕಡ್ಡಿಗೆ ದಾರ ಸುತ್ತಿದವರು ಅವರೇ. ದಿನವೂ ಸಾಬೂನು ಹಚ್ಚಿ ತೊಳೆದು ಮೆತ್ತಗಿನ ಹಳೆಯ ಸೀರೆಯ ಚೂರಿನಿಂದ ಒರೆಸುತ್ತಿದ್ದರು. ಮೂರನೆಯವನು ಕಿರಾಣಿ ಅಂಗಡಿಯ ಚೆನ್ನಪ್ಪ. ನನ್ನನ್ನು ಹಾಕಿಕೊಂಡೇ ಮಗ್ಗುಲಾಗಿ ಮಲಗಿ ನನ್ನ ಎರಡೂ ಕಡ್ಡಿಗಳನ್ನು ಅಗಲಿಸಿಬಿಟ್ಟ.

ಮೂವರಿಗೂ ಕಣ್ಣು ಚೆನ್ನಾಗಿ ಆದದ್ದರಿಂದ ಓಣಿಯಲ್ಲಿ ನನಗೆ ಒಂದು ಹೆಸರು ಬಂತು. ಆಸ್ಪತ್ರೆಯವರು ಹೊಸದನ್ನು ಕೊಟ್ಟರೂ ಸರಿ, ಆಪರೇಶನ್ನಿಗೆ ಹೋಗುವವರು ನನ್ನನ್ನೇ ಕೇಳಿಕೊಂಡು ಬರತೊಡಗಿದರು. ಕೆಲಸ ಮಾಡಿದ್ದು ಡಾಕ್ಟರ ಕೈ, ಹೆಸರು ನನಗೆ. ಇದು ಕೇಳಿ ಕೇಳಿ ನನಗೆ ದಣಿವಾಗಿತ್ತು.

ಹೀಗೆ ನಾಲ್ಕನೆಯದಾಗಿ ಬಸಲಿಂಗವ್ವನ ಮನೆಗೆ ಬಂದೆ. ಖಣ, ಅಂದರೆ ಕುಬಸದ ಬಟ್ಟೆ, ನೇಯುವ ಮನೆ ಅದು. ಮಗ್ಗದಲ್ಲಿ ಹಳೆಯ ಹಾಸು, ಅಂದರೆ ಉದ್ದೆಳೆಗಳ ಸಾಲು, ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆಯನ್ನು ಹೊಸೆದು ಕೂಡಿಸಬೇಕು. ಬೆರಳಿಗೆ ಬೂದಿ ಹಚ್ಚಿಕೊಂಡು, ಸಾವಿರಾರು ಎಳೆ, ಬಣ್ಣಕ್ಕೆ ಬಣ್ಣ. ನಲವತ್ತು ವರ್ಷದಿಂದ ಮಗ್ಗದ ಮುಂದಿನ ಹಲಗೆಯ ಮೇಲೆ ಕೂತು ಅದನ್ನು ಮಾಡುವುದು ಬಸಲಿಂಗವ್ವನ ಕೆಲಸ. ನೂಲು ಕಂಡಿಕೆಗೆ ಸುತ್ತುವುದು ಅವಳ ನೆಗೆಣ್ಣಿ, ಮೈದುನನ ಹೆಂಡತಿ ದಾನವ್ವನ ಕೆಲಸ. ನನ್ನನ್ನು ಕೇಳಿ ತಂದವಳೂ ದಾನವ್ವನೇ.

"ಯಕ್ಕಾ, ಇದನ್ನ ಹಾಕ್ಕೊಂಡ ಮೂರೂ ಮಂದಿಗೆ ಚೊಲೋ ಆಗೈತಿ. ನೀನೂ ನಡಿ."

"ನನಗ್ಯಾಕ? ನನ್ನ ಬೆರಳ ನೋಡತಾವ. ಕಣ್ಣ ಮಂಜಾಗಿ ಎರಡ ವರ್ಷಾತು, ಒಂದ ಎಳಿ ತಪ್ಪೇನೇನ?"

"ಎಳಿ ಬಿಡು. ಮೊನ್ನೆ ಬಾಗಲದಾಗ ನಿಂತ ಎಮ್ಮಿಗೆ, ಬಾರವಾ ಕೂಡ್ರು ಬಾ, ಅಂದಿ."

"ನಿನಗಿಂತ ಸಮಾಧಾನದಿಂದ ನಿಂತಿತ್ತು. ಅದಕ್ಕ ಕರದೆ."

ನಗೆ ಬಂದರೂ ಬಸಲಿಂಗವ್ವನ ಮನಸ್ಸು ಹಗುರಾಗಲಿಲ್ಲ. ದಾನವ್ವ ಅತ್ತ ಹೋದ ಮೇಲೆ ನನ್ನನ್ನು ಕೈಯಲ್ಲಿ ತಿರುಗಿಸುತ್ತ, "ನಾ ಮಲಗಿದರ ನನ್ನ ಹಲಗಿ ಮ್ಯಾಲ ಯಾರ ಕೂಡ್ರತಾರ ನನಗ ಗೊತ್ತಿಲ್ಲೇನ" ಎಂದಳು. ಅವಳ ಹೆದರಿಕೆ ಕತ್ತಲಿನದಲ್ಲ. ಒಮ್ಮೆ ಎದ್ದರೆ ಆ ಜಾಗ ಮತ್ತೆ ತನ್ನದಾಗುವುದಿಲ್ಲ ಎಂಬುದು.

ಕಡೆಗೂ ಹೋದಳು. ಬಲಗಣ್ಣಿನ ಮಂಜಾದ ಮಸೂರವನ್ನು ತೆಗೆದು ಹೊಸದನ್ನು ಕೂಡಿಸುವ ಹೊತ್ತಿಗೆ ನಾನು ಹೊರಗಿನ ಬೆಂಚಿನ ಮೇಲೆ ದಾನವ್ವನ ಚೀಲದಲ್ಲಿದ್ದೆ. ಅವಳು ಚೀಲವನ್ನು ಎಷ್ಟು ಬಿಗಿಯಾಗಿ ಎದೆಗೊತ್ತಿಕೊಂಡಿದ್ದಳೆಂದರೆ ನನ್ನ ಕಡ್ಡಿ ಕಿರಗುಟ್ಟಿತು. ಒಳಗಿನಿಂದ ಹೆಸರು ಕೂಗುವ ತನಕ ಅವಳು ನೀರನ್ನೂ ಕುಡಿಯಲಿಲ್ಲ.

ಮರುದಿನ ಪಟ್ಟಿ ಬಿಚ್ಚಿ ನನ್ನನ್ನು ಏರಿಸಿದರು. ಆಮೇಲೆ ನಲವತ್ತು ದಿನ. ಬಗ್ಗಬಾರದು, ತಲೆಗೆ ನೀರು ಹಾಕಬಾರದು, ಒಲೆಯ ಹೊಗೆಗೆ ಹೋಗಬಾರದು. ದಿನಕ್ಕೆ ನಾಲ್ಕು ಸಲ ದಾನವ್ವ ಕೈ ತೊಳೆದು ಔಷಧಿ ಹಿಡಿದು ಬಂದು, ನನ್ನನ್ನು ತೆಗೆದು ಅವಳ ಮುಖವನ್ನು ಚಾವಣಿಯತ್ತ ಎತ್ತಿಸುತ್ತಿದ್ದಳು. "ಮಾಳಗಿ ನೋಡು. ನನ್ನ ಮಾರಿ ನೋಡಬ್ಯಾಡ, ಮಾಳಗಿ ನೋಡು." ಒಂದು ಹನಿ ಬೀಳುತ್ತಿತ್ತು. ಮತ್ತೆ ನನ್ನನ್ನು ಏರಿಸಿ, ಕಿವಿಯ ಹಿಂದೆ ನನ್ನ ಕಡ್ಡಿ ಒತ್ತಿ ಗಾಯವಾದಲ್ಲಿ ಹತ್ತಿಯ ಚೂರು ಇಡುತ್ತಿದ್ದಳು. ಇದನ್ನು ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಹೋಗಿ ಅವಳು ಬಸಲಿಂಗವ್ವನ ಹಲಗೆಯ ಮೇಲೆ ಕೂರುತ್ತಿದ್ದಳು. ಮಂಚದಿಂದ ಬಸಲಿಂಗವ್ವನಿಗೆ ಎಲ್ಲ ಕೇಳಿಸುತ್ತಿತ್ತು.

"ಜಾಗಾ ಬೆಚ್ಚಗಾತೇನವಾ?" ಎಂದಳು ಒಂದು ಮಧ್ಯಾಹ್ನ.

ದಾನವ್ವ ಎಳೆ ಹೊಸೆಯುವುದನ್ನು ಮುಂದುವರಿಸಿದಳು. ನನ್ನ ಒಳಬದಿ ಒದ್ದೆಯಾಯಿತು. ಹನಿಯ ಔಷಧಿ ಅಲ್ಲ ಅದು.

ನಲವತ್ತು ದಿನ ಕಳೆದ ಬೆಳಿಗ್ಗೆ ಬಸಲಿಂಗವ್ವ ನನ್ನನ್ನು ಹಣೆಯ ಮೇಲೆ ಸರಿಸಿ ನೆಟ್ಟಗೆ ಮಗ್ಗದ ಹತ್ತಿರ ಹೋದಳು. ಅಲ್ಲಿ ನೂಲಿನ ಎರಡು ಲಡಿಗಳಿದ್ದವು. ಎತ್ತಿಕೊಂಡಳು. ಬಲಗಣ್ಣು ಮುಚ್ಚಿದಳು, ಎಡಗಣ್ಣು ಮುಚ್ಚಿದಳು. ಮತ್ತೆ ಹಾಗೇ ಮಾಡಿದಳು. ಇನ್ನೂ ಮಂಜಾಗಿಯೇ ಇದ್ದ ಎಡಗಣ್ಣಿಗೆ ಎರಡೂ ಕರಿ. ಹೊಸ ಮಸೂರದ ಬಲಗಣ್ಣಿಗೆ ಒಂದು ಕರಿ, ಇನ್ನೊಂದು ಅಚ್ಚ ನೀಲಿ.

ಲಡಿಗಳನ್ನು ಕೈಯಲ್ಲಿ ಹಿಡಿದೇ ತಿರುಗಿದಳು. ಹಲಗೆಯಿಂದ ಏಳುತ್ತಿದ್ದ ದಾನವ್ವನನ್ನು ಕೇಳಿದಳು.

"ಎರಡ ವರ್ಷ ನಾ ನೀಲಿಗೆ ಕರಿ ಕೂಡಿಸೇನಿ. ಹೌದಲ್ಲ?"

"ಎಲ್ಲಾ ಅಲ್ಲ."

"ಮತ್ತ ಖಣ ಹ್ಯಾಂಗ ನೆಟ್ಟಗ ಬಂದುವು?"

ದಾನವ್ವ ಬೆರಳಿನ ಬೂದಿ ಒರೆಸಿಕೊಂಡಳು. "ನೀ ಉಣ್ಣಾಕ ಎದ್ದಾಗ ಬಿಚ್ಚಿ ಕೂಡಸತಿದ್ದೆ."

"ಅದಕ್ಕ ನೀ ದಿನಾ ನಾ ಉಂಡ ಮ್ಯಾಲ ಉಣ್ಣತಿದ್ದಿ! ಹೇಳಬಾರದಾಗಿತ್ತೇನ? ಮಂದಿ ಮುಂದ ಒಂದ ಎಳಿ ತಪ್ಪಿಲ್ಲ ಅಂತ ಕುಣದೇನಲ್ಲೇ!"

"ಹೇಳಿದ್ದರ ನೀ ಈ ಹಲಗಿ ಕಡೆ ಹಾಯತಿದ್ದಿಲ್ಲ. ಮೂಲ್ಯಾಗ ಕೂಡ್ರತಿದ್ದಿ, ಸಾಯತನಕ. ನಾ ನೋಡೇನಲ್ಲ ನಿನ್ನ ಹಟಾ."

ಬಸಲಿಂಗವ್ವನಿಗೆ ಸಿಟ್ಟು ಬಂದಿತ್ತು. ನನ್ನನ್ನು ಹಣೆಯಿಂದ ಕಿತ್ತು ಕಿಟಕಿಯಲ್ಲಿ ಕುಕ್ಕಿದ ರಭಸಕ್ಕೆ ನನ್ನ ಎಡಗಡೆಯ ಕಡ್ಡಿ ಮುರಿಯಿತು. ಹಲಗೆ ಖಾಲಿ ಇತ್ತು. ಅವಳು ಕೂರಲಿಲ್ಲ. ಕಡೆಗೆ ಒಂದು ತುದಿಗೆ ಸರಿದು ಕೂತು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದಳು.

"ಕೂಡ್ರು. ಇಬ್ಬರಿಗೂ ಸಾಕಾಗತೈತಿ."

ಮುರಿದ ಕನ್ನಡಕವನ್ನು ಓಣಿಯವರು ಮತ್ತೆ ಕೇಳಲಿಲ್ಲ. ಮಳೆಗಾಲ ಮುಗಿದ ಮೇಲೆ ಬಸಲಿಂಗವ್ವ ಎಡಗಣ್ಣಿಗೂ ಮಾಡಿಸಿಕೊಂಡಳು, ಆಸ್ಪತ್ರೆಯವರು ಕೊಟ್ಟ ಹೊಸ ಕನ್ನಡಕ ಹಾಕಿಕೊಂಡಳು. ನನಗೆ ಬೇಸರವಾಗಲಿಲ್ಲ. ನಾಲ್ಕು ಜನರ ಕಣ್ಣಿಗೆ ಬೆಳಕು ಚುಚ್ಚದಂತೆ ತಡೆದೆ, ನನ್ನಿಂದ ಆಗುವುದು ಅಷ್ಟೇ. ಈಗ ಕಿಟಕಿಯ ಮೂಲೆಯಲ್ಲಿ ಧೂಳು ಹೊತ್ತು ಬಿದ್ದಿದ್ದೇನೆ. ಇಲ್ಲಿಂದ ಹಲಗೆ ಕಾಣುತ್ತದೆ.

ಬಸಲಿಂಗವ್ವನಿಗೆ ಈಗ ಎರಡೂ ಕಣ್ಣು ನಿಚ್ಚಳ. ನೀಲಿ ಯಾವುದು, ಕರಿ ಯಾವುದು ಅವಳಿಗೆ ದೂರದಿಂದಲೇ ಗೊತ್ತಾಗುತ್ತದೆ. ಆದರೂ ದಿನಕ್ಕೆ ಹತ್ತು ಸಲ ಎಳೆಯನ್ನು ಬೆಳಕಿಗೆ ಹಿಡಿದು ಕೇಳುತ್ತಾಳೆ:

"ದಾನವ್ವಾ, ಇದು ಯಾವ ಬಣ್ಣ ನೋಡವಾ."

ದಾನವ್ವ ಪ್ರತಿ ಸಲವೂ ಬಗ್ಗಿ ನೋಡಿ ಹೇಳುತ್ತಾಳೆ.