ಕೆಳಗಿನ ಕೈ

ಗ್ರಿಲ್ ಅಂಗಡಿಯವನಿಗೆ ಒಂದು ಹುಚ್ಚು ನಂಬಿಕೆ. ಲೋಕದಲ್ಲಿ ಕೆಟ್ಟದ್ದೆಲ್ಲ ಅಳತೆ ತಪ್ಪಿ ಕೆಟ್ಟಿರುತ್ತದೆ, ಅಳತೆ ಸರಿಮಾಡಿದರೆ ಎಲ್ಲವೂ ಸರಿಹೋಗುತ್ತದೆ ಅಂತ. ಕಿಟಕಿ ಬಾಗಿಲುಗಳ ಮಟ್ಟಿಗೆ ಅದು ನಿಜವೂ ಆಗಿತ್ತು. ಹೆಂಡತಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋದ ಮೇಲೆ ಮಾತ್ರ ಅವನ ಟೇಪು ಎಲ್ಲಿಗೂ ಎಟುಕಲಿಲ್ಲ.

ಪುಣ್ಯಕ್ಕೆ ಬಾಯಿ ಉಳಿದಿತ್ತು. "ಕೈ ಹೋದ್ರೇನು, ನಿಮ್ಮನ್ನ ಬೈಯೋಕೆ ಇಷ್ಟು ಸಾಕು," ಎನ್ನುತ್ತಿದ್ದಳು. ಬರಬರುತ್ತ ಬೈಯುವುದೂ ಕಡಿಮೆಯಾಯಿತು. ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಅವಳು ಅರ್ಧ ಹೊಲಿದಿದ್ದ ಕೌದಿ ಬೀರುವಿನ ಮೇಲೆ ಸುರುಳಿ ಸುತ್ತಿ ಕೂತಿತ್ತು. ಅವಳು ಅದಕ್ಕೆ ಬೆನ್ನು ಮಾಡಿ ಮಲಗುತ್ತಿದ್ದಳು. ಅದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ. ಮತ್ತೆ ಹೊಲಿದರೆ ಮತ್ತೆ ಬೈಯುತ್ತಾಳೆ, ಮತ್ತೆ ಬೈದರೆ ಬದುಕುತ್ತಾಳೆ. ಅವನ ಲೆಕ್ಕ ಅಷ್ಟೇ.

ಬಟ್ಟೆಯನ್ನು ಬಿಗಿಯಾಗಿ ಹಿಡಿದಿಡಲು ಒಂದು ಚೌಕಟ್ಟು ಇದ್ದರೆ ಒಂದೇ ಕೈಯಲ್ಲಿ ಹೊಲಿಯಬಹುದಲ್ಲ! ಹಳೆಯ ನೀರಿನ ಪೈಪು ಕೊಯ್ದು ಕಾಲು ಮಾಡಿದ. ಅವಳು ಕೂರುವ ಕುರ್ಚಿ ಅಳೆದ, ಮೊಣಕಾಲು ಅಳೆದ, ಮೊಣಕೈ ಅಳೆದ. ಹೊಲಿದಷ್ಟೂ ಕೌದಿ ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಸುತ್ತಿಕೊಳ್ಳುವ ಹಾಗೆ ಎರಡು ಮರದ ದಿಂಡು ಕೂರಿಸಿದ. ಬಟ್ಟೆಗೆ ತುಕ್ಕು ಹತ್ತಬಾರದೆಂದು ಬಣ್ಣವನ್ನೂ ಬಳಿದ.

"ಇದೇನಪ್ಪ, ಮಂಚಾನಾ ಕಿಟಕೀನಾ?" ಎಂದು ಮಗಳು ಕೇಳಿದಳು.

"ನಿಮ್ಮಮ್ಮನ ಎಡಗೈ," ಎಂದು ಬೀಗಿದ.

ಅಪ್ಪ ಮಗಳು ಸೇರಿ ಕೌದಿಯನ್ನು ಎಳೆದು ಕಟ್ಟಿದರು. ಹೆಂಡತಿ ಬಲಗೈಯಲ್ಲಿ ಅದನ್ನು ಸವರಿದಳು. ಮುಖ ಸ್ವಲ್ಪ ಅರಳಿತು. ಸೂಜಿ ಚುಚ್ಚಿ, ಅರ್ಧ ಇಳಿಸಿ, ಅಲ್ಲೇ ನಿಲ್ಲಿಸಿದಳು.

"ಕೆಳಗೆ ಯಾರಿದ್ದಾರೆ?"

"ಯಾರಿರಬೇಕು?"

"ಮೊನೆ ಬೆರಳಿಗೆ ತಾಗಬೇಕು, ತಾಗಿದ ತಕ್ಷಣ ಅದನ್ನ ಮೇಲಕ್ಕೆ ಕಳಿಸಬೇಕು. ಕೌದಿ ಹೊಲಿಯೋದು ಕೆಳಗಿನ ಕೈ ಕಣ್ರೀ. ಮೇಲಿನದು ಬರೀ ಕಾಣಿಸ್ಕೊಳ್ಳುತ್ತೆ."

ಮದುವೆಯಾದಾಗಿನಿಂದ ಅವಳು ತೊಡೆಯ ಮೇಲೆ ಕೌದಿ ಹರಡಿಕೊಂಡು ಹೊಲಿಯುವುದನ್ನು ನೋಡಿದ್ದ. ಬಟ್ಟೆಯಡಿ ಇನ್ನೊಂದು ಕೈಗೂ ಕೆಲಸವಿದೆ ಎಂಬುದು ಒಮ್ಮೆಯೂ ಅವನ ತಲೆಗೆ ಹೋಗಿರಲಿಲ್ಲ. ಎಲ್ಲ ಅಳೆದ ಭೂಪ ಅದೊಂದನ್ನು ಬಿಟ್ಟಿದ್ದ.

"ನಾನಿದೀನಲ್ಲ," ಎಂದು ಚೌಕಟ್ಟಿನಡಿ ನುಗ್ಗಿದ. ವೆಲ್ಡಿಂಗ್ ಕಿಡಿ ತಿಂದು ಜಡ್ಡುಗಟ್ಟಿದ ಬೆರಳುಗಳು ಅವು. ಮೊನೆ ತಾಗಿದ್ದು ತಿಳಿಯುತ್ತಲೇ ಇರಲಿಲ್ಲ. ತಡಕಾಡಿ ಮೇಲಕ್ಕೆ ತಳ್ಳಿದರೆ ಸೂಜಿ ಎಲ್ಲೆಲ್ಲೋ ಏಳುತ್ತಿತ್ತು. "ಕಾಗೆ ಕಾಲು ಗುಬ್ಬಿ ಕಾಲು!" ಎಂದು ಅವಳು ನಕ್ಕಳು. ಕಾಯಿಲೆ ಬಿದ್ದ ಮೇಲೆ ಅದೇ ಮೊದಲ ನಗು. ಅದಕ್ಕಾಗಿ ಅವನು ಇಡೀ ದಿನ ಅಲ್ಲೇ ಕೂರಲು ತಯಾರಿದ್ದ. ಅಷ್ಟರಲ್ಲಿ ಮಗಳು ಬಗ್ಗಿ ನೋಡಿ, "ಅಪ್ಪಾ, ರಕ್ತ," ಎಂದಳು. ಕೌದಿಯ ಅಡಿಯೆಲ್ಲ ಕೆಂಪು ಚುಕ್ಕೆ. ಅವನಿಗೆ ಒಂದು ಸಲ ಚುಚ್ಚಿದ್ದೂ ಗೊತ್ತಾಗಿರಲಿಲ್ಲ. ಅವಳ ನಗು ನಿಂತಿತು.

"ನಾನು ಕೂರ್ತೀನಮ್ಮ," ಎಂದಳು ಮಗಳು.

"ಆಗ ಅದು ನಿನ್ನ ಕೌದಿ ಆಗುತ್ತೆ."

"ಚೌಕಟ್ಟಿನ ಕಾಲು ಕೊಯ್ದು ತಗ್ಗಿಸ್ತೀನಿ," ಎಂದು ಅವನು ತಡಬಡಿಸಿದ. "ಸ್ವಲ್ಪ ಓರೆ ಮಾಡ್ತೀನಿ. ಅಡಿಗೊಂದು ತಗಡು ಕೂರಿಸಿದ್ರೆ..."

"ಕೈಲಾಗದವನು ಮೈ ಪರಚಿಕೊಂಡನಂತೆ. ಪೈಪಿನ ತಪ್ಪೇನಿದೆ, ಬಿಡಿ ಅದನ್ನ." ಆಮೇಲೆ ದನಿ ತಗ್ಗಿಸಿದಳು. "ನನ್ನ ಕೈಯನ್ನೇ ಅಲ್ಲಿಡಿ. ಸೂಜಿ ಅಂದ್ರೆ ಅದಕ್ಕೆ ಗೊತ್ತು. ತಾಗಿದ್ರೆ ಎದ್ದರೂ ಏಳಬಹುದು."

ಮಗಳು ಅಡುಗೆಮನೆಗೆ ಹೋಗಿಬಿಟ್ಟಳು. ಅವನು ಆ ಎಡಗೈಯನ್ನು ಕೌದಿಯಡಿ ತಂದು ತನ್ನ ಅಂಗೈ ಮೇಲಿಟ್ಟುಕೊಂಡ. ಬೆಚ್ಚಗಿತ್ತು, ಭಾರವಾಗಿತ್ತು. ಬೆರಳುಗಳನ್ನು ಬಟ್ಟೆಗೆ ಆನಿಸಿ ಹಿಡಿದ. ಮೇಲಿನಿಂದ ಅವಳ ಉಸಿರು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಸೂಜಿ ಇಳಿಯಿತು. ನಡುಬೆರಳ ತುದಿಗೆ ತಾಗಿತು, ಒಳಗೆ ಹೊಕ್ಕಿತು. ರಕ್ತದ ಹನಿಯೊಂದು ಮೂಡಿ ಅವನ ಮಣಿಕಟ್ಟಿನವರೆಗೆ ಹರಿಯಿತು. ಆ ಕೈ ಮಿಸುಕಲಿಲ್ಲ.

"ಸೂಜಿ ಇನ್ನೂ ಬಂದಿಲ್ವೇನ್ರೀ?"

ಅವನು ಎಂದೂ ಕೂದಲೆಳೆಯಷ್ಟೂ ಸುಳ್ಳು ಅಳತೆ ಹೇಳಿದವನಲ್ಲ.

"ಇಲ್ಲ ಕಣೇ," ಎಂದ. "ಬಟ್ಟೆ ದಪ್ಪ."

"ಹಾಗಾದ್ರೆ ಇನ್ನೊಂಚೂರು ಒತ್ತಲಾ?"

ಸೂಜಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಮೊನೆಗೂ ಅವಳ ಬೆರಳಿಗೂ ನಡುವೆ ತನ್ನ ಹೆಬ್ಬೆರಳು ತೂರಿಸಿದ.

"ಹೂಂ," ಎಂದ. "ಒತ್ತು."