ಬಸ್ಸು ತಡೆದ ಭುಜ

ನೇಸರಗಿ ಸ್ಟ್ಯಾಂಡಿನಲ್ಲಿ ಡ್ರೈವರ್ ಚಹಾಕ್ಕೆ ಇಳಿದಾಗ ಬಸ್ಸು ತಾನಾಗಿಯೇ ಹಿಂದಕ್ಕೆ ಉರುಳತೊಡಗಿತು. ಒಳಗೆ ನೂರು ಮಂದಿ, ಟಾಪಿನ ಮೇಲೆ ಎರಡು ಟಗರು. ಅಮೋಘಸಿದ್ದಪ್ಪ ಬಲಗೈ ಒಂದನ್ನೇ ಒಡ್ಡಿ ಅದನ್ನು ನಿಲ್ಲಿಸಿದ. ಎಡಗೈಯಲ್ಲಿ ಚಹಾದ ಕಪ್ಪಿತ್ತು. ಒಂದು ಹನಿ ತುಳುಕಲಿಲ್ಲ. ಅಂದಿನಿಂದ ಅವನ ಬಲಗೈ ಎದೆಯಿಂದ ಮೇಲಕ್ಕೆ ಏಳುತ್ತಿಲ್ಲ. ಇದು ಅವನೇ ಹೇಳಿದ್ದು. ಆ ಬಸ್ಸನ್ನು ಕಂಡವರು ಊರಲ್ಲಿ ಒಬ್ಬರೂ ಇರಲಿಲ್ಲ, ಕಥೆ ಕೇಳದವರೂ ಇರಲಿಲ್ಲ.

ಬೇರೆ ಯಾರದಾದರೂ ಕೈಯಾಗಿದ್ದರೆ ಹೇಗೋ ನಡೆಯುತ್ತಿತ್ತು. ಅಮೋಘಸಿದ್ದಪ್ಪ ರುಮಾಲು ಸುತ್ತುವವನು. ಕಿತ್ತೂರಿನಿಂದ ರಾಮದುರ್ಗದವರೆಗೆ ಅವನು ರುಮಾಲು ಸುತ್ತದ ಮದುಮಗನ ತಲೆ ತಲೆಯೇ ಅಲ್ಲ. ಅವನು ಸುತ್ತಿದ್ದು ಬಿರುಗಾಳಿಗೂ ಸಡಿಲುತ್ತಿರಲಿಲ್ಲ. ಬಿಚ್ಚಿ ಹಾಸಿದರೆ ಸವದತ್ತಿ ಗುಡ್ಡವನ್ನೇ ಸುತ್ತಿ ಇನ್ನೂ ಗಂಟಿಗೆ ಉಳಿಯುತ್ತಿತ್ತು. ಈಗ ಸ್ವಂತ ಮೊಮ್ಮಗ ಕಾಂತೇಶನ ಮದುವೆ ಹತ್ತಿರ ಬಂದಿತ್ತು. “ಸುತ್ತಿದ್ರ ಅಜ್ಜನ ಸುತ್ತಬೇಕು, ಇಲ್ಲಂದ್ರ ಬರಿತಲಿಲೆ ಕುಂದ್ರತೇನಿ” ಎಂದು ಹುಡುಗ ಹಟ ಹಿಡಿದಿದ್ದ. ಕಟಕೋಳದ ಬೀಗರೆದುರು ಮೊಮ್ಮಗ ಬರಿತಲೆಯಲ್ಲಿ ಕೂತರೆ, ಮುದುಕ ಇನ್ನು ಯಾವ ಮುಖ ಹೊತ್ತು ತಿರುಗಬೇಕು?

ಹೆಂಡತಿ ಗುರವ್ವ ಅವನನ್ನು ಬೈಲಹೊಂಗಲಕ್ಕೆ, ಡಾಕ್ಟರ್ ಶೈಲಜಾ ಅವರ ದವಾಖಾನೆಗೆ ಎಳೆದುಕೊಂಡು ಹೋದಳು. ಬಸ್ಸಿನ ಕಥೆ ಅಲ್ಲಿಯೂ ಬಂತು. ಅಷ್ಟೊತ್ತಿಗೆ ಟಗರು ನಾಲ್ಕಾಗಿದ್ದವು.

ಡಾಕ್ಟರು ಪೂರ್ತಿ ಕೇಳಿ, ಕೈಯನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ ನೋಡಿದರು. “ಅಜ್ಜಾರ, ಬಸ್ ತಡದ್ರ ಕೀಲ ತಪ್ಪತೈತಿ, ಇಲ್ಲಾ ನರ ಹರೀತೈತಿ. ನಿಮ್ಮದು ಹಂಗಿಲ್ಲ. ಭುಜದ ಕೀಲಿನ ಸುತ್ತ ತೆಳ್ಳನ ಚೀಲ ಒಂದಿರತೈತಿ. ಅದು ಬಾತು, ದಪ್ಪಾಗಿ, ತಿಂಗಳಗಟ್ಟಲೆ ನಿಧಾನಕ್ಕ ಬಿಗದೈತಿ. ಸಕ್ಕರಿ ಬ್ಯಾನಿ ಇದ್ದವರಿಗೆ ಇದು ಭಾಳ. ನಿಮಗ ಸಕ್ಕರಿ ಐತೇನ್ರಿ?”

“ಇತ್ತು. ಬಿಟ್ಟಹೋತು” ಎಂದ ಅಮೋಘಸಿದ್ದಪ್ಪ.

“ಹೋಗಾಕ ಅದೇನ ಬೀಗರೇನ್ರಿ?” ಎಂದಳು ಗುರವ್ವ. “ನೋಡ್ರಿ ಡಾಕ್ಟರವ್ವ, ಮನ್ಯಾಗ ಒಂದ ಡಬ್ಬಿ ಬಿಟ್ಟಿಲ್ಲ, ಇವರ ಅಂಗಿ ಕಿಸೇನೂ ಬಿಟ್ಟಿಲ್ಲ, ಎಲ್ಲಾ ಹುಡುಕೇನಿ. ಸಿಹಿ ಅನ್ನೂದ ಇಲ್ಲ. ಆದ್ರೂ ರಕ್ತ ತೋರಿಸಿದಾಗೊಮ್ಮೆ ಸಕ್ಕರಿ ಏರೇ ಇರತೈತಿ.”

“ಆಗಲಿ. ರುಮಾಲ ತಗದು ಮತ್ತ ಸುತ್ರಿ ಅಜ್ಜಾ. ಕೈ ಎಲ್ಲೀತನಕ ಏರತೈತಿ ನೋಡೂಣು.”

ಅಮೋಘಸಿದ್ದಪ್ಪನ ಎಡಗೈ ತಟ್ಟನೆ ತಲೆಗೆ ಹೋಯಿತು. ಭುಜ ಹಿಡಿದ ಮೇಲೆ ಅವನು ಆ ರುಮಾಲನ್ನು ಬಿಚ್ಚಿಯೇ ಇರಲಿಲ್ಲ. ಸುತ್ತಿದ್ದನ್ನು ಹಾಗೆಯೇ ಟೊಪ್ಪಿಗೆಯಂತೆ ಇಟ್ಟುಕೊಂಡು ಓಡಾಡುತ್ತಿದ್ದ. “ದವಾಖಾನ್ಯಾಗ ರುಮಾಲ ತಗಿಯೂದು ನಮ್ಮ ಮನಿತನದಾಗ ಇಲ್ರಿ” ಎಂದ.

ಮನೆತನದ ಮಾತು ಮುಗಿಯುವ ಮೊದಲೇ ಗುರವ್ವ ರುಮಾಲನ್ನು ಎತ್ತಿ ಕೊಡವಿದಳು. ಮಡಿಕೆಗಳಿಂದ, ಬೆಲ್ಲ ಅಂಟು ಹಾಕಿ ಮಾಡುವ ಸಿಹಿ, ಕರದಂಟಿನ ತುಂಡುಗಳು ಆಲಿಕಲ್ಲಿನಂತೆ ಉದುರಿ, ಒಂದು ಡಾಕ್ಟರ ಮೇಜಿನ ಕೆಳಗೆ ಹೊರಳಿತು.

“ಇಲಿ ಇಟ್ಟಿರಬೇಕ್ರಿ” ಎಂದ ಅಮೋಘಸಿದ್ದಪ್ಪ.

“ತಲಿ ಮ್ಯಾಲ ಇಲಿ ಸಂಸಾರ ಹೂಡಿತ್ತೇನ್ರಿ?” ಎಂದಳು ಗುರವ್ವ.

ಡಾಕ್ಟರು ನಗು ತಡೆದುಕೊಂಡು ಒಂದು ತುಂಡನ್ನು ಬಾಗಿಸಲು ನೋಡಿದರು. ಅದು ಬಾಗಲಿಲ್ಲ. “ಬೆಲ್ಲದ ಪಾಕ ಹೆಂಗ ಬಿಗದೈತಿ ನೋಡ್ರಿ. ರಕ್ತದಾಗ ಸಕ್ಕರಿ ಏರಿದ್ರ ಮೈಯಾಗಿನ ನಾರಿಗೆ ಅಂಟಿ, ಅದನ್ನೂ ಹಿಂಗ ಗಡಸ ಮಾಡತೈತಿ. ಬಿಡಸಾಕ ತಿಂಗಳಗಟ್ಟಲೆ ಬೇಕು. ದಿನಾ ಗ್ವಾಡಿ ಮ್ಯಾಲ ಬೆರಳ ನಡಸಕೋತ ಕೈ ಮ್ಯಾಲ ಏರಸ್ರಿ, ಗುಳಿಗಿ ತಗೋರಿ, ಸಿಹಿ ಬಿಡ್ರಿ. ಬಿಡದಿದ್ರ ಎಡಭುಜಾನೂ ಹಿಂಗ ಹಿಡಕೋಬಹುದು.”

“ಮತ್ತ ಮದವಿ?” ಮುದುಕನ ದನಿ ಮೊದಲ ಬಾರಿ ಸಣ್ಣದಾಯಿತು.

“ಹುಡುಗೀರಿಗೆ ಹೆರಳ ಹಾಕುವಾಗ ನಾನೇನ ಕೈ ಎತ್ತತೇನೇನು?” ಎಂದಳು ಗುರವ್ವ. “ನಾ ಮ್ಯಾಲ ಕುಂದ್ರತೇನಿ, ಅವರನ್ನ ನೆಲಕ್ಕ ಕುಂದರಸತೇನಿ.”

ಮದುವೆಯ ದಿನ ಹಾಗೆಯೇ ಆಯಿತು. ಕಾಂತೇಶ ಮಣೆಯ ಮೇಲೆ, ಅಜ್ಜ ಎತ್ತರದ ಕುರ್ಚಿಯಲ್ಲಿ. ರುಮಾಲು ಅವನ ಮಡಿಲಿನಿಂದ ಏಳುತ್ತಾ ಸುತ್ತು ಸುತ್ತಾಗಿ ಮೊಮ್ಮಗನ ತಲೆಗೇರಿತು. ಅಂಥ ರುಮಾಲನ್ನು ಸೂರ್ಯನೂ ನಿಂತು ನೋಡಿದನೆಂದು ಹೇಳಬಹುದು. ಮಂಟಪಕ್ಕೆ ತಗಡಿನ ಚಪ್ಪರವಿತ್ತು, ಅದು ಬೇರೆ ಮಾತು.

“ಕುಂತ ಸುತ್ತಾಕತ್ತೀರಲ್ರಿ, ಯಾಕ?” ಎಂದು ಕೇಳಿದ ಬೀಗ ಮಲಕಾಜಪ್ಪ.

ಅಮೋಘಸಿದ್ದಪ್ಪ ಗಂಟಲು ಸರಿಮಾಡಿಕೊಂಡ. ಬಸ್ಸು ಮತ್ತೆ ಉರುಳಿತು. ಈ ಸಲ ಟಗರು ಆರು.

ಮಲಕಾಜಪ್ಪ ಬೆರಗಾಗಿ, ಬೀಗರಿಗೆಂದೇ ತಂದ ತಟ್ಟೆಯಿಂದ ದೊಡ್ಡದೊಂದು ಕರದಂಟು ಎತ್ತಿ ಅವನ ಬಾಯಿಯ ಹತ್ತಿರವೇ ಹಿಡಿದ. “ಬಸ್ ತಡದ ಕೈಗೆ ತಾಕತ್ ಬರಲಿ. ತಿನ್ರಿ ಬೀಗರ, ಒಲ್ಲೆ ಅನ್ನಂಗಿಲ್ಲ.”

ತುಪ್ಪದಲ್ಲಿ ಕರಿದ ಅಂಟಿನ ವಾಸನೆ ಮೂಗಿಗೆ ಬಡಿಯಿತು. ಬಸ್ಸೇ ಕಾರಣವೆಂದ ಮೇಲೆ ಒಲ್ಲೆನ್ನಲು ನೆಪವಿಲ್ಲ, ತಿನ್ನಬೇಕು. ತಿಂದರೆ ಎಡಭುಜವೂ ಹೋದೀತು. ಎದುರಿಗೆ ಗುರವ್ವ ನೋಡುತ್ತ ಕೂತಿದ್ದಳು. ಅಮೋಘಸಿದ್ದಪ್ಪ ಬಾಯಿ ತೆರೆದ, ಮುಚ್ಚಿದ, ಮುಖ ತಿರುಗಿಸಿದ.

“ಬಸ್ಸೂ ಇಲ್ಲ, ಏನೂ ಇಲ್ರಿ ಬೀಗರ. ಸಕ್ಕರಿ ಬ್ಯಾನಿ. ರುಮಾಲಿನ್ಯಾಗ ಕರದಂಟ ಮುಚ್ಚಿಟ್ಟು ಕದ್ದ ತಿಂತಿದ್ದೆ. ಭುಜ ಹಿಡಕೊಂಡತು.”

ಮಲಕಾಜಪ್ಪ ಕರದಂಟನ್ನು ತಟ್ಟೆಗೆ ಮರಳಿ ಇಟ್ಟ. “ಹಂಗಾರ ಟಗರು?”

“ಅವು ಇದ್ವು...” ಎಂದ ಅಮೋಘಸಿದ್ದಪ್ಪ ಗುರವ್ವನ ಕಡೆ ನೋಡಿದ. “ಇಲ್ರಿ. ಅವೂ ಇರಲಿಲ್ಲ.”