ಕೋಟೇಶ್ವರಮ್ಮನ ಹಪ್ಪಳಕ್ಕೆ ಹೆಸರಿರಲಿಲ್ಲ

ಫಾಲ್ಗುಣ ಕಳೆದು ಬಿಸಿಲು ಬಲಿಯುತ್ತಿತ್ತು. ವಿಜಯವಾಡದ ಪಟಮಟದ ಒಂದು ಬಾಡಿಗೆ ಮನೆಯ ಹಿತ್ತಲಲ್ಲಿ ಹೊತ್ತು ಮೂಡುವ ಮುಂಚೆಯೇ ಹಪ್ಪಳದ ಕೆಲಸ ಶುರುವಾಗಿತ್ತು. ಕೋಟೇಶ್ವರಮ್ಮ ಉದ್ದಿನ ಹಿಟ್ಟಿನ ಮುದ್ದೆಗೆ ಎಣ್ಣೆ ಸವರಿ ಕಲ್ಲಿನ ಮೇಲೆ ಕುಟ್ಟುತ್ತಿದ್ದಳು. ಓಣಿಯ ಇನ್ನಿಬ್ಬರು ಹೆಂಗಸರು ಉಂಡೆ ಕಟ್ಟಿ ಲಟ್ಟಿಸುತ್ತಿದ್ದರು. ಮನೆಯೊಡತಿ ಕಮಲಾಕ್ಷಿ ಲಟ್ಟಿಸಿದ್ದನ್ನು ಹಳೆಯ ಸೀರೆಯ ಮೇಲೆ ಹರಡುತ್ತಿದ್ದಳು.

ಕಮಲಾಕ್ಷಿ ಹಾವೇರಿಯವಳು. ಗಂಡ ರಮಾಕಾಂತ ಬ್ಯಾಂಕಿನ ಅಧಿಕಾರಿ, ವರ್ಗವಾಗಿ ಬಂದವನು. ಬೇಸರ ಕಳೆಯಲೆಂದು ಆಕೆ ಮಾಡಿದ ತವರಿನ ಹಪ್ಪಳ ಓಣಿಯ ಬಾಯಿಗೆ ಹಿಡಿಸಿ, ಅಂಗಡಿಗಳವರೆಗೂ ಹೋಗಿತ್ತು. ಹದ ಕಮಲಾಕ್ಷಿಯದು, ದುಡಿಮೆ ಕೋಟೇಶ್ವರಮ್ಮನದು. ಗಂಡ ತೀರಿಕೊಂಡ ಮೇಲೆ ಮಗಳು ಕನಕದುರ್ಗಳನ್ನು ಸಾಕಲು ಆಕೆಗೆ ಇದ್ದದ್ದು ಇದೊಂದೇ ಕೆಲಸ.

ಕಮಲಾಕ್ಷಿಯ ಮನೆಯಲ್ಲಿ ಕಪಾಟು ಇರಲಿಲ್ಲ. ಊರಿಂದ ಸಾಮಾನು ತಂದ ಮರದ ಪೆಟ್ಟಿಗೆಗಳನ್ನೇ ಒಂದರ ಮೇಲೊಂದು ಇಟ್ಟು ಬೇಳೆಕಾಳು ಜೋಡಿಸಿದ್ದರು. ಅವುಗಳ ಮುಚ್ಚಳಗಳು ಮೊಳೆ ಸಮೇತ ಬಾಗಿಲ ಹಿಂದೆ ಒರಗಿದ್ದವು. ವರ್ಗದ ಆದೇಶ ಬಂದರೆ ಮುಚ್ಚಿ ಬಡಿದರಾಯಿತು ಎಂದು. ಹಾಗೆಂದುಕೊಂಡೇ ಐದು ವರ್ಷ ಕಳೆದಿತ್ತು.

ಆ ಬೆಳಿಗ್ಗೆ ಹಪ್ಪಳ ಕೊಳ್ಳಲು ರಾಜ್ಯಲಕ್ಷ್ಮಿ ಬಂದಳು. ಬಳ್ಳಾರಿ ಮೂಲದ ಮನೆತನದ ಸೊಸೆ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೆಲಸ.

"ಅಕ್ಕಾ, ಇದಕ್ಕೊಂದು ಹೆಸರು ಇಡಬೇಕಂಡಿ. ನಮ್ಮ ಆಫೀಸಿಗೆ ಬಂದು ಸಣ್ಣ ಘಟಕ ಅಂತ ರಿಜಿಸ್ಟ್ರೇಷನ್ ಮಾಡಿಸಿ."

"ಹಪ್ಪಳಕ್ಕೂ ನಾಮಕರಣೇನ?" ಕಮಲಾಕ್ಷಿ ನಕ್ಕಳು. "ತೊಟ್ಟಿಲಾ ನೀನ ತರ್ತೀಯೇನ್?"

"ತೊಟ್ಟಿಲಲ್ಲ, ಹಪ್ಪಳ ಒಣಗಿಸೋ ಯಂತ್ರ ತರಿಸಬಹುದು. ಮಳೆ ಹಿಡಿದರೆ ನಿಮ್ಮ ಕೆಲಸ ನಿಂತುಹೋಗುತ್ತಲ್ಲಾ. ರಿಜಿಸ್ಟ್ರೇಷನ್ ಇದ್ದರೆ ಕಡಿಮೆ ಬಡ್ಡಿಗೆ ಸಾಲ ಸಿಗುತ್ತೆ. ಅದರಲ್ಲಿ ಒಂದು ಪಾಲು ಸಬ್ಸಿಡಿ. ಸರ್ಕಾರಿ ಕ್ಯಾಂಟೀನಿನವರು, ಹಾಸ್ಟೆಲಿನವರು ಕೊಳ್ಳುವಾಗಲೂ ಸಣ್ಣ ಘಟಕಗಳನ್ನ ಮೊದಲು ನೋಡ್ತಾರೆ."

"ಸರ್ಕಾರದ ಕಣ್ಣಿಗೆ ಬಿದ್ರ ಟ್ಯಾಕ್ಸಿನವರು ಬೆನ್ನ ಹತ್ತತಾರ."

"ಈ ಹಿತ್ತಲಿಗೆ ಯಾವ ಟ್ಯಾಕ್ಸು ಅಕ್ಕಾ? ಬಂದರೂ ಎರಡು ಹಪ್ಪಳ ತಿಂದು ಹೋಗ್ತಾರೆ."

ಹೆಂಗಸರು ನಕ್ಕರು. ಕಮಲಾಕ್ಷಿ ನಗಲಿಲ್ಲ.

"ಮೇ ತಿಂಗಳಾಗ ಆರ್ಡರ್ ಬಂದ್ರ? ನಾವು ಹೋಗೋ ಮಂದಿ ತಂಗಿ. ಹೋಗೋರು ಹೆಸರು ಬರಿಸಿ ಏನ್ ಮಾಡೋದೈತಿ?"

"ನೀವು ಹೋಗ್ತೀರಿ, ಸರಿ. ಕೋಟೇಶ್ವರಮ್ಮ ಎಲ್ಲಿಗೆ ಹೋಗ್ತಾರೆ? ಅವರ ಹೆಸರಲ್ಲೇ ಮಾಡಿಸಿ."

ಕುಟ್ಟುವ ಸದ್ದು ನಿಂತಿತು. ಕೋಟೇಶ್ವರಮ್ಮ ತಲೆಯೆತ್ತಿ ಇಬ್ಬರನ್ನೂ ನೋಡಿದಳು.

"ಆಕಿಗೆ ಸಹಿ ಮಾಡಾಕೂ ಬರೂದಿಲ್ಲ," ಎಂದಳು ಕಮಲಾಕ್ಷಿ.

"ಹೆಬ್ಬೆಟ್ಟು ಸಾಕು."

"ನೋಡೂನು. ಈ ಮೇ ತಿಂಗಳೊಂದು ಕಳೀಲಿ."

ಸ್ವಲ್ಪ ಹೊತ್ತಿನ ಮೇಲೆ ಕುಟ್ಟುವ ಸದ್ದು ಮತ್ತೆ ಕೇಳಿಸಿತು.

ಮೇ ಕಳೆಯಿತು. ಆದೇಶ ಬರಲಿಲ್ಲ. ಮರು ವರ್ಷವೂ ಬರಲಿಲ್ಲ. ರಮಾಕಾಂತ ಬ್ಯಾಂಕಿನಲ್ಲಿ ಇಂಥದೇ ಸಾಲದ ಅರ್ಜಿಗಳಿಗೆ ದಿನವೂ ಸಹಿ ಹಾಕುತ್ತಿದ್ದ. ಮನೆಗೆ ಬಂದು, "ಹೋಗೋ ಹೊತ್ತಿನಾಗ ಹೊಸಾ ಗಂಟು ಯಾಕ ಕಟ್ಕೊಳ್ಳೂದು," ಎನ್ನುತ್ತಿದ್ದ. ಪ್ರತಿ ಶ್ರಾವಣದಲ್ಲೂ ಮೋಡ ಕವಿದು ಹಪ್ಪಳ ಬೂಸಲು ಹಿಡಿಯುತ್ತಿತ್ತು, ಕೆಲಸ ನಿಲ್ಲುತ್ತಿತ್ತು. ಕಮಲಾಕ್ಷಿಯ ಮನೆಗೆ ಸಂಬಳ ಬರುತ್ತಿತ್ತು. ಕೋಟೇಶ್ವರಮ್ಮ ನಾಲ್ಕಾರು ಮನೆಯ ಪಾತ್ರೆ ತಿಕ್ಕಿ ಕಾರ್ತಿಕದ ಬಿಸಿಲಿಗಾಗಿ ಕಾಯುತ್ತಿದ್ದಳು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಒಳ್ಳೆಯ ಸುದ್ದಿ ಬಂತು. ರಮಾಕಾಂತನ ಗೆಳೆಯ ಬಾಲಚಂದ್ರ ವಿಶಾಖಪಟ್ಟಣಕ್ಕೆ ವರ್ಗವಾಗಿ ಹೋಗುವಾಗ ಒಂದು ಚೀಲ ಹಪ್ಪಳ ಒಯ್ದಿದ್ದ. ಬಂದರಿನ ಹತ್ತಿರದ ಒಂದು ದೊಡ್ಡ ಕ್ಯಾಂಟೀನಿನವರಿಗೆ ಅದು ಬಹಳ ಹಿಡಿಸಿತ್ತು. ವರ್ಷವಿಡೀ ಬೇಕು, ಘಟಕ ರಿಜಿಸ್ಟರ್ ಆಗಿದ್ದರೆ ಠೇವಣಿಯೂ ಬೇಡ, ಜೂನ್ ಮುಗಿಯುವುದರೊಳಗೆ ಅರ್ಜಿ ಕೊಡಿ ಎಂದಿದ್ದರು.

"ಅಮ್ಮಗಾರೂ, ಹಾಗಾದರೆ ಮಳೆಗಾಲದಲ್ಲೂ ಕೆಲಸ ಇರುತ್ತಾ?" ಕೋಟೇಶ್ವರಮ್ಮ ಕೇಳಿದಳು.

"ಇರ್ತೈತಿ ಬಿಡು. ಮಷೀನ್ ತರ್ಸೂನು."

ಆದರೆ ಅದೇ ವಾರ ರಮಾಕಾಂತ ಓಡೋಡಿ ಬಂದ. "ಲೇ, ಈ ಸಲ ಧಾರವಾಡ ಖರೇನ ಅಂತ! ಎಲ್ಲಾರೂ ಅಂದ್ರು." ಕಮಲಾಕ್ಷಿ ಹಪ್ಪಳ ಬಿಟ್ಟು ಪೆಟ್ಟಿಗೆಗಳ ಕಡೆ ತಿರುಗಿದಳು. ಎರಡಕ್ಕೆ ಮುಚ್ಚಳ ಬಡಿದೂ ಆಯಿತು. ರಾಜ್ಯಲಕ್ಷ್ಮಿ ಎರಡು ಸಲ ಬಂದು, "ಅಕ್ಕಾ, ನೀವು ಹೋದರೂ ಪರವಾಗಿಲ್ಲ, ಒಂದು ಅರ್ಜಿ ಕೊಟ್ಟು ಹೋಗಿ," ಎಂದಳು. "ಸಾಮಾನು ಕಟ್ಟೋ ಗದ್ದಲದಾಗ ಅದೊಂದು ಬ್ಯಾಡ," ಎಂದಳು ಕಮಲಾಕ್ಷಿ.

ಜೂನ್ ಮುಗಿಯಿತು. ಧಾರವಾಡದ ಮಾತು ಸುಳ್ಳಾಯಿತು. ಕ್ಯಾಂಟೀನಿನ ಆರ್ಡರು ಬೇರೆ ಊರಿನ ಘಟಕಕ್ಕೆ ಹೋಯಿತು. ಬಡಿದ ಮೊಳೆಗಳನ್ನು ಮತ್ತೆ ಕಿತ್ತರು.

ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಕೋಟೇಶ್ವರಮ್ಮ ಬಂದು ತನ್ನ ಲಟ್ಟಣಿಗೆಯನ್ನು ಹಿತ್ತಲಿನ ಕಟ್ಟೆಯ ಮೇಲಿಟ್ಟಳು.

"ಗುಂಟೂರಿನ ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಬಿಡಿಸೋ ಕೆಲಸ ಇದೆಯಂತೆ, ಅಮ್ಮಗಾರೂ. ಅಲ್ಲಿ ಮಳೆಗಾಲದಲ್ಲೂ ಕೂಲಿ ಸಿಗುತ್ತೆ."

ಮಗಳನ್ನು ಕರೆದುಕೊಂಡು ಹೊರಟೇಹೋದಳು.

ದೀಪಾವಳಿಯ ಬಿಸಿಲು ಬಂತು. ಹಿತ್ತಲಲ್ಲಿ ಹಿಟ್ಟು ಕುಟ್ಟಲು ಕೋಟೇಶ್ವರಮ್ಮನಂಥ ಕೈ ಸಿಗಲಿಲ್ಲ. ಹಪ್ಪಳ ಸುಟ್ಟರೆ ಅರಳುತ್ತಿರಲಿಲ್ಲ. ಅಂಗಡಿಯವರು ಒಬ್ಬೊಬ್ಬರಾಗಿ ಬೇಡವೆಂದರು. ಆಗ ಕಮಲಾಕ್ಷಿ ತಾನಾಗಿಯೇ ರಾಜ್ಯಲಕ್ಷ್ಮಿಯ ಆಫೀಸಿಗೆ ಹೋದಳು. ಏನು ತಯಾರಿಸುತ್ತೀರಿ, ಎಲ್ಲಿ, ಎಷ್ಟು ಜನ ದುಡಿಯುತ್ತಾರೆ ಎಂದಷ್ಟೇ ಅಲ್ಲಿ ಕೇಳಿದರು.

"ಇಷ್ಟೇ ಏನ?"

"ಇಷ್ಟೇ ಅಕ್ಕಾ," ಎಂದಳು ರಾಜ್ಯಲಕ್ಷ್ಮಿ.

ಕಮಲಾಕ್ಷಿ ತನ್ನ ಹೆಸರು ಬರೆಸಲಿಲ್ಲ. ಅರ್ಜಿ ಹಿಡಿದುಕೊಂಡು ಗುಂಟೂರಿನ ಬಸ್ಸು ಹತ್ತಿದಳು.

ಗೋದಾಮಿನ ಬಾಗಿಲಲ್ಲೇ ಕಣ್ಣು ಉರಿಯಿತು. ಒಳಗಿನಿಂದ ಬಂದ ಕೋಟೇಶ್ವರಮ್ಮನ ಅಂಗೈ ಕೆಂಪಗೆ ಬಿರಿದಿತ್ತು.

"ಬಾ ಕೋಟೇಶ್ವರಮ್ಮಾ. ನಿನ್ನ ಹೆಸರಿನಾಗ ಮಾಡ್ಸೂನು."

"ಈ ಕೈಯಿಂದ ಹಿಟ್ಟು ಮುಟ್ಟಿದರೆ ಹಪ್ಪಳಕ್ಕೆ ಬೇರೆ ಖಾರ ಹಾಕೋದೇ ಬೇಡ," ಎಂದು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ಬೇಗ ನಿಲ್ಲಲಿಲ್ಲ. ಧೂಳು, ಹಿಟ್ಟು ಯಾವುದರ ಹತ್ತಿರವೂ ಇರಬೇಡ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಹೊಟ್ಟೆ ಕೇಳಬೇಕಲ್ಲ.

"ಅವತ್ತು ಮೇಡಂಗಾರು ನನ್ನ ಹೆಸರು ಹೇಳಿದಾಗ ಕೇಳಿಸಿಕೊಂಡೆ ಅಮ್ಮಗಾರೂ. ನೀವು ಹೂಂ ಅಂತೀರೇನೋ ಅಂತ ಕಾದೆ."

"ಬಾಯಿಬಿಟ್ಟು ಕೇಳಬಾರದಿತ್ತೇನ?"

"ಕೆಲಸ ಕೊಟ್ಟವರನ್ನ ಹೇಗೆ ಕೇಳೋದು?"

ಕಮಲಾಕ್ಷಿ ಕೈಯಲ್ಲಿದ್ದ ಅರ್ಜಿಯನ್ನು ಅವಳತ್ತ ಚಾಚಿದಳು.

"ನನ್ನ ದುರ್ಗಳ ಹೆಸರಲ್ಲಿ ಮಾಡಿಸಿ," ಎಂದಳು ಕೋಟೇಶ್ವರಮ್ಮ. "ಅವಳಿಗೆ ಹದಿನೆಂಟು ತುಂಬಿದೆ, ಸಹಿಯೂ ಬರುತ್ತೆ."

ಹಾಗೇ ಆಯಿತು. ತಾಯಿ ಮಗಳು ಪಟಮಟಕ್ಕೆ ಮರಳಿದರು, ಅದೇ ಓಣಿಯ ಇನ್ನೊಂದು ಮನೆಯಲ್ಲಿ ಕನಕದುರ್ಗಳ ಹೆಸರಿನಲ್ಲಿ ಘಟಕ ರಿಜಿಸ್ಟರ್ ಆಯಿತು. ಸಾಲ ಬಂತು, ಒಣಗಿಸುವ ಯಂತ್ರ ಬಂತು. ಮರು ವರ್ಷ ವಿಶಾಖಪಟ್ಟಣದ ಆರ್ಡರೂ ಸಿಕ್ಕಿತು. ಮಳೆ ಸುರಿಯುವಾಗಲೂ ಒಳಗೆ ಎಂಟು ಹೆಂಗಸರು ಲಟ್ಟಿಸುತ್ತಿದ್ದರು. ಕೋಟೇಶ್ವರಮ್ಮ ಸೆರಗನ್ನು ಮೂಗಿಗೆ ಹಿಡಿದು ಹೊರಗಿನ ಜಗಲಿಯಲ್ಲಿ ಕೂತಿರುತ್ತಿದ್ದಳು. ಕುಟ್ಟುವ ಸದ್ದಿನ ಮೇಲೇ ಹದ ಹೇಳುತ್ತಿದ್ದಳು: "ಇನ್ನೂ ಕುಟ್ಟಬೇಕು ದುರ್ಗಾ, ಹಿಟ್ಟು ಇನ್ನೂ ಗಟ್ಟಿಯಿದೆ." ಒಳಗೆ ಮಾತ್ರ ಕಾಲಿಡುವಂತಿರಲಿಲ್ಲ.

ವರ್ಗದ ಆದೇಶ ಬಂದದ್ದು ಅದಾಗಿ ಮೂರು ವರ್ಷದ ಮೇಲೆ. ಕನಕದುರ್ಗ ಬ್ಯಾಂಕಿನ ಕೊನೆಯ ಕಂತು ಕಟ್ಟಿದ ತಿಂಗಳೇ ರಮಾಕಾಂತನ ಸಾಮಾನು ಲಾರಿಗೆ ಏರಿತು. ಕಮಲಾಕ್ಷಿ ಜಗಲಿಗೆ ಬಂದು ಕೋಟೇಶ್ವರಮ್ಮನ ಕೈ ಹಿಡಿದುಕೊಂಡಳು.

"ಬ್ಯಾಂಕಿನ ಸಾಲ ತೀರಿತಲ್ಲಾ ಅಮ್ಮಗಾರೂ, ಇನ್ನೇನು ಚಿಂತೆ?"

"ಬ್ಯಾಂಕಿಂದೇನೋ ತೀರಿತು," ಎಂದಳು ಕಮಲಾಕ್ಷಿ. ಕೋಟೇಶ್ವರಮ್ಮ ಕೆಮ್ಮುತ್ತಲೇ ಒಂದು ಕಟ್ಟು ಹಪ್ಪಳವನ್ನು ಅವಳ ಚೀಲಕ್ಕೆ ತುರುಕಿದಳು.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಿತ್ತಲಲ್ಲೂ ಹಪ್ಪಳವೋ ಬುಟ್ಟಿಯೋ ಹೊಲಿಗೆಯೋ ನಡೆದಿರಬಹುದು. ಸಣ್ಣ ಕಸುಬಿಗೆ ಸಾಲ, ಸಬ್ಸಿಡಿ, ತರಬೇತಿ, ಮಾರುಕಟ್ಟೆ ಎಂದು ಸರ್ಕಾರ ಯೋಜನೆಗಳನ್ನು ಇಟ್ಟಿದೆ. ಹೆಸರಿಲ್ಲದ ಕಸುಬಿಗೆ ಅವು ತಾವಾಗಿ ಬರುವುದಿಲ್ಲ. ನಿಮ್ಮ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಕೇಳಿ. ನೀವು ಆ ಊರಲ್ಲಿ ನಿಲ್ಲುವವರಲ್ಲವಾದರೆ, ನಿಲ್ಲುವವರ ಹೆಸರಲ್ಲಿ ಮಾಡಿಸಿ. ನಿಮ್ಮ ಜೊತೆ ದುಡಿಯುವವರು ಬಾಯಿಬಿಟ್ಟು ಕೇಳುವುದಿಲ್ಲ. ಅವರು ಕಾಯುತ್ತಿರುತ್ತಾರೆ. ಮಳೆ ಹಿಡಿಯುವ ಮುಂಚೆ ಹೂಂ ಅನ್ನಿ.